ಅತ್ತಿಗೆ ಒಬ್ಬರೇ ಶಾಂಘೈಗೆ

ಅತ್ತಿಗೆ: ಕೂತ್ಕೋ, ಕಾಫಿ ಕೊಡ್ತೀನಿ. ನೀನು ಬರ್ತೀಯ ಅಂತಲೇ ಬೆಳಿಗ್ಗೆಯಿಂದ ಕಾಯ್ತಾ ಇದ್ದೆ. ಮುಂದಿನ ತಿಂಗಳು ನಾನು ಮಗಳನ್ನ ನೋಡೋಕೆ ಹೊರಟಿದೀನಿ, ಗೊತ್ತಲ್ಲ? ಅವಳು ಏರ್‌ಪೋರ್ಟಿಗೆ ಬರೋ ಹಾಗಿಲ್ಲವಂತೆ. ಲ್ಯಾಬಿನ ಯಾವುದೋ ಯಂತ್ರ ಅವಳ ಪಾಲಿಗೆ ಸಿಗೋದು ಅವತ್ತು ಬೆಳಿಗ್ಗೆಯೇ. ಯಂತ್ರ ಬಿಟ್ಟು ಬರಬೇಡ, ನಾನೇ ಮನೆ ಹುಡುಕ್ಕೊಂಡು ಬರ್ತೀನಿ ಅಂದುಬಿಟ್ಟೆ. ಅಂದ ಮೇಲೆ ರಾತ್ರಿ ನಿದ್ದೆ ಬರ್ತಾ ಇಲ್ಲ. ನೀನು ಕಂಪನಿ ಕೆಲಸಕ್ಕೆ ಅಷ್ಟು ಸಲ ಹೋಗಿ ಬಂದಿದೀಯ. ನನ್ನಂಥವಳಿಂದ ಆಗುತ್ತಾ, ಹೇಳು.

ಮೈದುನ: ಖಂಡಿತ ಆಗುತ್ತೆ ಅತ್ತಿಗೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೋರು ನೀವು. ಅಲ್ಲಿ ಬೋರ್ಡುಗಳೆಲ್ಲ ಚೀನೀ ಭಾಷೆ, ಇಂಗ್ಲಿಷ್ ಎರಡರಲ್ಲೂ ಇವೆ, ಓದಿಕೊಂಡು ಹೋಗಬಹುದು. ಕಷ್ಟ ಇರೋದು ಬೇರೆ ಕಡೆ.

ಅತ್ತಿಗೆ: ಎಲ್ಲಿ?

ಮೈದುನ: ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತೀವಲ್ಲ, ನಾವು ಊರೂರು ಸುತ್ತೋದೇ ಆ ಧೈರ್ಯದ ಮೇಲೆ. ದಾರಿ ತಪ್ಪಿದರೆ ಬೀಡಾ ಅಂಗಡಿಯವನನ್ನ ಕೇಳ್ತೀವಿ, ಆಟೋದವನನ್ನ ಕೇಳ್ತೀವಿ. ನೀವು ಇಳಿಯೋ ಪುಡಾಂಗ್ ಏರ್‌ಪೋರ್ಟಿನಲ್ಲೂ ಜನ ಸಹಾಯ ಮಾಡೋಕೆ ಹಿಂದೆಮುಂದೆ ನೋಡಲ್ಲ. ಆದರೆ ನಿಮ್ಮ ಇಂಗ್ಲಿಷ್ ಅವರಿಗೆ ಗೊತ್ತಾಗಲ್ಲ, ಅವರ ಚೀನೀ ನಿಮಗೆ ಗೊತ್ತಾಗಲ್ಲ. ಅದಕ್ಕೇ ನೀವು ಕೇಳಬೇಕಾದ್ದನ್ನೆಲ್ಲ ಇಲ್ಲಿಂದಲೇ ಬರೆದು ಒಯ್ಯಬೇಕು. ಮಗಳ ಹತ್ತಿರ ಅವಳ ಮನೆ ವಿಳಾಸ ಚೀನೀ ಲಿಪಿಯಲ್ಲೇ ತರಿಸಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ವಿಳಾಸ ಟ್ಯಾಕ್ಸಿಯವನಿಗೆ ಉಪಯೋಗಕ್ಕೆ ಬರಲ್ಲ. ಗಟ್ಟಿ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಪ್ರಿಂಟ್ ಹಾಕಿಸಿ, ಕೆಳಗೆ ಅವಳ ಫೋನ್ ನಂಬರ್. ಅದೇ ಅಲ್ಲಿ ನಿಮ್ಮ ಬಾಯಿ.

ಅತ್ತಿಗೆ: ಫೋನ್‌ನಲ್ಲೇ ಇದ್ದರೆ ಸಾಲದಾ?

ಮೈದುನ: ಫೋನ್‌ನಲ್ಲೂ ಇರಲಿ. ಆದರೆ ಅಲ್ಲಿ ಇಳಿದ ಮೇಲೆ ಗೂಗಲ್ ಇಲ್ಲ, ಅದರ ಮ್ಯಾಪ್ ಇಲ್ಲ, ವಾಟ್ಸ್ಆ್ಯಪ್ ಇಲ್ಲ. ಏರ್‌ಪೋರ್ಟಿನ ವೈಫೈ ಹಿಡಿದರೆ ಇವು ಯಾವುವೂ ತೆರೆಯಲ್ಲ. ಇಲ್ಲಿಯ ಸಿಮ್‌ಗೇ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿಕೊಂಡು ಹೋದರೆ ಆ ಡೇಟಾ ನಮ್ಮ ಕಂಪನಿಯ ದಾರಿಯಲ್ಲೇ ಬರೋದರಿಂದ ಸಾಮಾನ್ಯವಾಗಿ ವಾಟ್ಸ್ಆ್ಯಪ್ ನಡೆಯುತ್ತೆ. ಒಂದು ವಾರದ ಪ್ಯಾಕ್ ಹಾಕಿಸಿ. ಅಲ್ಲಿಯವರು ಬಳಸೋ ವಿಚ್ಯಾಟ್‌ಗೆ ನಮ್ಮಲ್ಲಿ 2020ರಿಂದ ನಿಷೇಧ ಇದೆ, ಅದನ್ನ ಮನೆ ಸೇರಿದ ಮೇಲೆ ಮಗಳೇ ಹಾಕಿಕೊಡಲಿ. ಹೊಸ ಆ್ಯಪ್‌ನ ಏರ್‌ಪೋರ್ಟಿನಲ್ಲಿ, ಸೂಟ್‌ಕೇಸ್ ಒಂದು ಕೈಲಿ ಹಿಡ್ಕೊಂಡು ಕಲಿಯೋದು ಬೇಡ.

ಅತ್ತಿಗೆ: ಪಕ್ಕದ ಮನೆಯವರು ಹತ್ತು ದಿನಕ್ಕಾದರೆ ವೀಸಾನೇ ಬೇಡವಂತಲ್ಲ ಅಂದರು. ಯಾವುದೋ ವಿಡಿಯೊ ನೋಡಿದರಂತೆ.

ಮೈದುನ: ಅದು 240 ಗಂಟೆಯ ಟ್ರಾನ್ಸಿಟ್ ರಿಯಾಯಿತಿ. ಐವತ್ತಕ್ಕೂ ಹೆಚ್ಚು ದೇಶದವರಿಗೆ ಇದೆ, ಆ ಪಟ್ಟಿಯಲ್ಲಿ ಭಾರತ ಇಲ್ಲ. ಆ ಮಾತು ನಂಬಿ ಟಿಕೆಟ್ ತೆಗೆದರೆ ಇಲ್ಲಿ ಚೆಕ್-ಇನ್ ಕೌಂಟರಿನಲ್ಲೇ ವಾಪಸ್ ಕಳಿಸ್ತಾರೆ. ನಿಮಗೆ ಮಗಳು ಆಮಂತ್ರಣ ಪತ್ರ ಕಳಿಸಿ ವೀಸಾ ಆಗಿದೆಯಲ್ಲ, ಆ ಪತ್ರದ ಒಂದು ಪ್ರತಿ ಕೈಚೀಲದಲ್ಲೇ ಇರಲಿ.

ಅತ್ತಿಗೆ: ಇದೆ. ಟಿಕೆಟ್ಟೂ ಆಗಿದೆ, ಬೆಂಗಳೂರಿಂದ ದೆಹಲಿ, ದೆಹಲಿಯಿಂದ ನೇರ ಶಾಂಘೈ.

ಮೈದುನ: ಒಳ್ಳೇದಾಯ್ತು. 2020ರಲ್ಲಿ ನಿಂತುಹೋಗಿದ್ದ ನೇರ ವಿಮಾನ ದೆಹಲಿ-ಶಾಂಘೈ ನಡುವೆ ಮತ್ತೆ ಶುರುವಾಗಿದ್ದು 2025ರ ನವೆಂಬರ್‌ನಲ್ಲಿ. ಆ ಐದು ವರ್ಷ ನಾವೆಲ್ಲ ಸಿಂಗಪುರ, ಹಾಂಕಾಂಗ್, ಬ್ಯಾಂಕಾಕ್ ಸುತ್ತಿ ಹೋಗ್ತಾ ಇದ್ವಿ. ನಿಮ್ಮದು ರಾತ್ರಿ ವಿಮಾನ, ಇಳಿಯೋದು ಬೆಳಗಿನ ಜಾವ. ಗಡಿಯಾರ ಎರಡೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಿ. ಅಷ್ಟು ದೊಡ್ಡ ದೇಶಕ್ಕೆಲ್ಲ ಒಂದೇ ಸಮಯ.

ಅತ್ತಿಗೆ: ಇಳಿದ ಕೂಡಲೇ ಏನು ಮಾಡಬೇಕು, ಒಂದೊಂದಾಗಿ ಹೇಳು.

ಮೈದುನ: ಜನ ಹೋಗೋ ಕಡೆ ನಡೀರಿ. ತುಂಬ ನಡೆಸ್ತಾರೆ, ಕಾಲಿಗೆ ಹಳೆಯ ಚಪ್ಪಲಿಯೇ ಇರಲಿ. ಕೆಲವು ವಿಮಾನ ಮುಖ್ಯ ಟರ್ಮಿನಲ್‌ಗೆ ಬರದೆ ದೂರದ ಉಪಗ್ರಹ ಕಟ್ಟಡಕ್ಕೆ ಹೋಗಿ ನಿಲ್ಲುತ್ತವೆ. ಅಲ್ಲಿಂದ ನೆಲದಡಿಯ ಚಾಲಕನಿಲ್ಲದ ರೈಲಿನಲ್ಲಿ ಟರ್ಮಿನಲ್‌ಗೆ ಕರ್ಕೊಂಡು ಬರ್ತಾರೆ. ಮೂರೇ ನಿಮಿಷದ ದಾರಿ. ರೈಲು ಬಂತು ಅಂತ ಊರಿಗೇ ಹೊರಟೆ ಅಂದ್ಕೋಬೇಡಿ, ಅದು ಏರ್‌ಪೋರ್ಟಿನ ಒಳಗಿನದೇ.

ಆಮೇಲೆ ಬೆರಳಚ್ಚಿನ ಯಂತ್ರಗಳ ಸಾಲು ಸಿಗುತ್ತೆ, ಎಟಿಎಂ ಥರ ಕಾಣುತ್ತವೆ. ಪಾಸ್‌ಪೋರ್ಟಿನ ಫೋಟೊ ಇರೋ ಪುಟ ಕೆಳಮುಖವಾಗಿ ಗಾಜಿನ ಮೇಲಿಡಿ. ಮೊದಲು ಎಡಗೈನ ನಾಲ್ಕು ಬೆರಳು, ಆಮೇಲೆ ಬಲಗೈ, ಕೊನೆಗೆ ಎರಡೂ ಹೆಬ್ಬೆಟ್ಟು. ನಿಮ್ಮ ಕೈ ಸೀಮೆಸುಣ್ಣ ಹಿಡಿದು, ಪಾತ್ರೆ ತಿಕ್ಕಿ ಗೆರೆ ಸವೆದಿದೆ. ಅಮ್ಮನಿಗೂ ಹೀಗೇ ಆಧಾರ್ ಕೇಂದ್ರದಲ್ಲಿ ಬೆರಳು ಹಿಡೀತಾ ಇರಲಿಲ್ಲ, ನೆನಪಿದೆಯಾ? ಯಂತ್ರ ಒಪ್ಪದಿದ್ದರೆ ಗಾಬರಿ ಬೇಡ. ಬೆರಳಿಗೆ ಸ್ವಲ್ಪ ಎಣ್ಣೆಯದೋ ಕ್ರೀಮಿನದೋ ಪಸೆ ಹಚ್ಚಿ, ಒರೆಸಿ, ಒತ್ತಿ ಹಿಡೀರಿ. ಆಗಲೂ ಆಗದಿದ್ದರೆ ಅಧಿಕಾರಿ ತನ್ನ ಕೌಂಟರಿನಲ್ಲೇ ತಗೋತಾನೆ.

ಅತ್ತಿಗೆ: ಅರ್ಜಿ ತುಂಬೋದು ಏನೋ ಇದೆ ಅಂದಳಲ್ಲ ಮಗಳು.

ಮೈದುನ: ಆಗಮನ ಚೀಟಿ. 2025ರ ನವೆಂಬರ್‌ನಿಂದ ಹೊರಡೋ ಮೊದಲೇ ಆನ್‌ಲೈನ್‌ನಲ್ಲಿ ತುಂಬೋ ಹಾಗೆ ಮಾಡಿದಾರೆ. ಇಲ್ಲೇ ಕೂತು ನಾನೇ ತುಂಬಿ ಕೊಡ್ತೀನಿ. ಎಲ್ಲಿ ಉಳ್ಕೋತೀರಿ ಅನ್ನೋ ಕಡೆ ಮಗಳ ಮನೆ ವಿಳಾಸ. ಹಾಂ, ಈ ಮಾತು ಗಟ್ಟಿಯಾಗಿ ನೆನಪಿಟ್ಕೊಳ್ಳಿ. ಹೋಟೆಲಲ್ಲಿ ಇಳಿದರೆ ಪೊಲೀಸಿಗೆ ಅವರೇ ವರದಿ ಕಳಿಸ್ತಾರೆ. ಮನೆಯಲ್ಲಿ ಉಳಿದುಕೊಂಡರೆ 24 ಗಂಟೆಯೊಳಗೆ ನಾವೇ ಆ ಪ್ರದೇಶದ ಠಾಣೆಯಲ್ಲಿ ಹೆಸರು ನೋಂದಾಯಿಸಬೇಕು. ಶಾಂಘೈನಲ್ಲಿ ಆನ್‌ಲೈನ್‌ನಲ್ಲೂ ಮಾಡಬಹುದು. ಮಗಳು ಲ್ಯಾಬಿನ ಗಡಿಬಿಡಿಯಲ್ಲಿ ಮರೆತಾಳು, ಅವತ್ತು ಸಂಜೆಯೇ ಮಾಡಿಸಿಬಿಡಿ.

ಅತ್ತಿಗೆ: ಸರಿ, ಬರ್ಕೊಂಡೆ. ಪೆಟ್ಟಿಗೆ ತಗೊಂಡು ಹೊರಗೆ ಬಂದೆ. ಆಗ?

ಮೈದುನ: ಆಗ ಒಬ್ಬ ನಿಮ್ಮ ಹತ್ತಿರ ಬರ್ತಾನೆ. ಒಳ್ಳೆ ಅಂಗಿ, ಕೊರಳಲ್ಲಿ ಗುರುತಿನ ಚೀಟಿ, ನಗುಮುಖ. ಟ್ಯಾಕ್ಸಿ, ಟ್ಯಾಕ್ಸಿ ಅಂತಾನೆ. ನಿಮ್ಮ ಸೂಟ್‌ಕೇಸ್‌ಗೆ ಕೈ ಹಾಕೋದೂ ಉಂಟು. ನನ್ನ ಮೊದಲನೇ ಸಲ ನಾನು ಅಂಥವನ ಹಿಂದೆ ಹೋದೆ ಅತ್ತಿಗೆ. ನಿದ್ದೆಗಣ್ಣು, ರಾತ್ರಿ ಹನ್ನೊಂದು ಗಂಟೆ, ಕೈಲಿ ಇಂಗ್ಲಿಷ್‌ನಲ್ಲಿ ಬರೆದ ಹೋಟೆಲ್ ಹೆಸರು ಮಾತ್ರ. ಅವನು ಕೆಳಗಿನ ಪಾರ್ಕಿಂಗ್‌ಗೆ ಕರ್ಕೊಂಡು ಹೋಗಿ ಮೀಟರ್ ಇಲ್ಲದ ಕಾರಲ್ಲಿ ಕೂರಿಸಿದ. ಹೋಟೆಲ್ ಮುಂದೆ ನಿಲ್ಲಿಸಿ ಎಂಟುನೂರು ಯುವಾನ್ ಅಂದ. ಕಾರಿನ ಬಾಗಿಲು ಲಾಕ್ ಆಗಿತ್ತು. ಕೊಟ್ಟೆ. ಮರುದಿನ ಅದೇ ದಾರಿಗೆ ಮೀಟರ್ ಟ್ಯಾಕ್ಸಿಯಲ್ಲಿ ಇನ್ನೂರರ ಒಳಗೆ ಆಯ್ತು. ದುಡ್ಡಿಗಿಂತ ಆ ಲಾಕ್ ಆದ ಬಾಗಿಲಿನ ಸದ್ದು ನನಗೆ ಬಹಳ ದಿನ ಕಾಡ್ತು.

ಅತ್ತಿಗೆ: ನೀನು ಆಗ ಮನೆಗೆ ಫೋನ್ ಮಾಡಿ ಎಲ್ಲ ಸುಸೂತ್ರ ಅಂದಿದ್ದೆ.

ಮೈದುನ: ನೀವೆಲ್ಲ ಹೆದರ್ತೀರಿ ಅಂತ. ನಿಮಗೆ ಹಾಗಾಗಬಾರದು ಅಂತಲೇ ಈಗ ಹೇಳ್ತಾ ಇರೋದು. ಏರ್‌ಪೋರ್ಟಿನ ಒಳಗೆ ಬಂದು ಕರೆಯೋ ಟ್ಯಾಕ್ಸಿಯವನು ಟ್ಯಾಕ್ಸಿಯವನೇ ಅಲ್ಲ. ನಿಜವಾದ ಟ್ಯಾಕ್ಸಿ ಹೊರಗೆ ಸಾಲಲ್ಲಿ ನಿಂತಿರುತ್ತೆ, ಜನ ಕಂಬಿಗಳ ನಡುವೆ ಸರದಿಯಲ್ಲಿ ನಿಂತಿರ್ತಾರೆ, ಸಮವಸ್ತ್ರದವನೊಬ್ಬ ಕೈ ತೋರಿಸಿ ಕಳಿಸ್ತಾ ಇರ್ತಾನೆ. ಮೀಟರ್ ಹಾಕ್ತಾರೆ. ಇಳಿಯೋವಾಗ ‘ಫಾಪ್ಯಾವೊ’ ಅನ್ನಿ. ಅಂದರೆ ರಸೀದಿ. ಮೀಟರಿನಿಂದಲೇ ಮುದ್ರಣವಾಗಿ ಬರುತ್ತೆ. ಟ್ಯಾಕ್ಸಿ ನಂಬರ್ ಅದರಲ್ಲಿರುತ್ತೆ, ಸೀಟಿನ ಮೇಲೆ ಫೋನ್ ಮರೆತರೂ ಹುಡುಕಿಸಬಹುದು.

ಅತ್ತಿಗೆ: ಫಾಪ್ಯಾವೊ. ಮಗಳ ಮನೆಗೆ ಟ್ಯಾಕ್ಸಿಯೇ ಬೇಕಾ?

ಮೈದುನ: ಬೇಡ. ಅವಳಿರೋದು ಝಾಂಗ್‌ಜಿಯಾಂಗ್ ಬಡಾವಣೆ, ಸಂಶೋಧನಾ ಸಂಸ್ಥೆಗಳೆಲ್ಲ ಇರೋ ಕಡೆ. ಏರ್‌ಪೋರ್ಟಿಂದ ಹೊರಡೋ ಮೆಟ್ರೊ ಎರಡನೇ ಮಾರ್ಗ, ಹಸಿರು ಬಣ್ಣದ್ದು, ಸೀದಾ ಅಲ್ಲಿಗೇ ಹೋಗುತ್ತೆ. ಬದಲಾಯಿಸೋ ತಾಪತ್ರಯ ಇಲ್ಲ, ಮುಕ್ಕಾಲು ಗಂಟೆಯ ದಾರಿ, ಹತ್ತು ಯುವಾನ್ ಕೂಡ ಆಗಲ್ಲ. ಮೊದಲ ರೈಲು ಬೆಳಿಗ್ಗೆ ಆರರ ಸುಮಾರಿಗೆ. ಅಲ್ಲೀವರೆಗೆ ಆಗಮನದ ಹಾಲ್‌ನಲ್ಲೇ ಬೆಳಕಿರೋ ಕಡೆ ಕೂತಿರಿ, ಅವಸರ ಮಾಡ್ಕೊಂಡು ಕತ್ತಲಲ್ಲಿ ಹೊರಗೆ ಹೋಗಬೇಡಿ.

ಅತ್ತಿಗೆ: ಅದೇನೋ ಗಾಳಿಯಲ್ಲಿ ತೇಲೋ ರೈಲು ಇದೆಯಂತಲ್ಲ?

ಮೈದುನ: ಮ್ಯಾಗ್ಲೆವ್. ಹಳಿಯ ಮೇಲೆ ಚಕ್ರ ಉರುಳಲ್ಲ, ಅಯಸ್ಕಾಂತದ ಬಲದಲ್ಲಿ ಒಂದು ಬೆರಳಿನಷ್ಟು ಮೇಲೆದ್ದು ಓಡುತ್ತೆ. 2002ರ ಕೊನೇ ದಿನ ಅದರ ಉದ್ಘಾಟನೆಯ ಓಟ ಆಗಿದ್ದು. ಏರ್‌ಪೋರ್ಟಿಂದ ಲುಂಗ್‌ಯಾಂಗ್ ರೋಡ್ ನಿಲ್ದಾಣಕ್ಕೆ ಮೂವತ್ತು ಕಿಲೋಮೀಟರ್, ಎಂಟು ನಿಮಿಷ. ಮೊದಲು ಗಂಟೆಗೆ 431 ಕಿಲೋಮೀಟರ್ ವೇಗ ಮುಟ್ಟುತ್ತಾ ಇತ್ತು, 2021ರಿಂದೀಚೆಗೆ 300ಕ್ಕೆ ಇಳಿಸಿದಾರೆ. ಟಿಕೆಟ್ 50 ಯುವಾನ್, ಅದೇ ದಿನದ ವಿಮಾನದ ಟಿಕೆಟ್ ತೋರಿಸಿದರೆ 40. ಆದರೆ ಲುಂಗ್‌ಯಾಂಗ್ ರೋಡ್ ನಿಮ್ಮ ಮಗಳ ಮನೆಯನ್ನ ದಾಟಿ ಮುಂದಿದೆ, ಅಲ್ಲಿ ಇಳಿದು ಹಿಂದಕ್ಕೆ ಬರಬೇಕು. ಲಗೇಜಿನ ಜೊತೆ ಬೇಡ. ಒಂದು ಭಾನುವಾರ ಬರೀ ಅದನ್ನ ನೋಡೋಕೇ ಮಗಳ ಜೊತೆ ಹೋಗಿ ಬನ್ನಿ. ನಮ್ಮ ಆಯಸ್ಸಲ್ಲಿ ಅಂಥದ್ದೊಂದರಲ್ಲಿ ಕೂರೋದು ದೊಡ್ಡ ಸಂಗತಿಯೇ.

ಅತ್ತಿಗೆ: ಮೆಟ್ರೊ ಟಿಕೆಟ್ಟಿಗೆ ದುಡ್ಡು? ಅಲ್ಲಿ ನೋಟೇ ತಗೊಳಲ್ಲ ಅಂತಾರೆ.

ಮೈದುನ: ತಗೋತಾರೆ, ಚಿಲ್ಲರೆಗೆ ಕಷ್ಟಪಡ್ತಾರೆ. ನೂರರ ನೋಟು ಮುಂದೆ ಹಿಡಿದರೆ ಅಂಗಡಿಯವಳು ಕೈ ಚೆಲ್ತಾಳೆ. ಇಲ್ಲಿ ವಿನಿಮಯ ಮಾಡಿಸೋವಾಗಲೇ ಐದು, ಹತ್ತು, ಇಪ್ಪತ್ತರ ನೋಟು ಕೇಳಿ ತಗೊಳ್ಳಿ. ಮೆಟ್ರೊ ಯಂತ್ರದಲ್ಲಿ ಇಂಗ್ಲಿಷ್ ಅಂತ ಒತ್ತಿದರೆ ಭಾಷೆ ಬದಲಾಗುತ್ತೆ. ನಿಲ್ದಾಣ ಆರಿಸಿ, ನೋಟು ಹಾಕಿ, ಕಾರ್ಡ್ ಬರುತ್ತೆ. ಇಳಿದ ಮೇಲೆ ಗೇಟು ಆ ಕಾರ್ಡನ್ನ ನುಂಗಿಕೊಳ್ಳುತ್ತೆ, ಹೊರಗೆ ಹೋಗೋವರೆಗೂ ಬಿಸಾಕಬೇಡಿ.

ಮಿಕ್ಕ ಕಡೆಯೆಲ್ಲ ಫೋನ್‌ನಲ್ಲೇ ದುಡ್ಡು ಕೊಡೋದು. ನಮ್ಮ ಯುಪಿಐ ಹಾಗೇ, ಅಲ್ಲಿ ಅಲಿಪೇ ಮತ್ತು ವಿಚ್ಯಾಟ್. 2023ರಿಂದ ವಿದೇಶದ ಕಾರ್ಡನ್ನೂ ಅದಕ್ಕೆ ಜೋಡಿಸಬಹುದು. 200 ಯುವಾನ್ ಒಳಗಿನ ಖರೀದಿಗೆ ಅವರ ಶುಲ್ಕ ಇಲ್ಲ, ಮೇಲಾದರೆ ನೂರಕ್ಕೆ ಮೂರು. ಹೊರಡೋ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ವಹಿವಾಟು ತೆರೆದಿಡಬೇಕು. ಓಟಿಪಿ ಬರೋದು ನಿಮ್ಮ ಇಲ್ಲಿಯ ನಂಬರ್‌ಗೆ, ಆ ಸಿಮ್ ಮಾತ್ರ ಫೋನ್‌ನಿಂದ ತೆಗೆಯಬೇಡಿ.

ಅತ್ತಿಗೆ: ಅಂದರೆ ಮೊದಲ ರೈಲಿನವರೆಗೆ ಎರಡು ಗಂಟೆಯಾದರೂ ಅಲ್ಲಿ ಕೂರಬೇಕು. ತಿನ್ನೋಕೆ ನನಗೇನು ಸಿಗುತ್ತೆ? ವಿಮಾನದಲ್ಲಿ ಸಸ್ಯಾಹಾರ ಅಂತ ಬರೆಸಿದೀನಿ.

ಮೈದುನ: ‘ವೊ ಛ್ ಸೂ.’ ನಾನು ಸಸ್ಯಾಹಾರಿ ಅಂತ ಅರ್ಥ. ಇದನ್ನೂ ಚೀನೀ ಲಿಪಿಯಲ್ಲಿ ರಟ್ಟಿನ ಹಿಂದೆ ಬರೆಸಿ. ಆದರೂ ಸೂಪು, ನೂಡಲ್ಸ್ ಮುಟ್ಟಬೇಡಿ. ಮೇಲೆ ಬರೀ ಸೊಪ್ಪು ಕಂಡರೂ ಅಡಿಯಲ್ಲಿರೋ ಸಾರು ಮೂಳೆ ಬೇಯಿಸಿದ್ದು, ಹುರಿಯೋಕೆ ಹಾಕಿದ್ದು ಹಂದಿ ಕೊಬ್ಬು ಇರಬಹುದು. ಬೌದ್ಧರ ಸಸ್ಯಾಹಾರದ ಹೋಟೆಲುಗಳು ಊರೊಳಗಿವೆ, ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕಲ್ಲ. ಮಗಳು ಕರ್ಕೊಂಡು ಹೋಗ್ತಾಳೆ. ಏರ್‌ಪೋರ್ಟಿನ ಎರಡು ಗಂಟೆಗೆ ಅವಲಕ್ಕಿ ಒಗ್ಗರಣೆ ಹಾಕಿ ಡಬ್ಬಿಗೆ ತುಂಬ್ಕೊಳ್ಳಿ. ಬಿಸಿನೀರು ಅಲ್ಲಿ ಎಲ್ಲ ಕಡೆ ಸಿಗುತ್ತೆ.

ಅತ್ತಿಗೆ: ಬಿಸಿನೀರಾ?

ಮೈದುನ: ನನಗೆ ಆ ಏರ್‌ಪೋರ್ಟಿನಲ್ಲಿ ಎಲ್ಲಕ್ಕಿಂತ ಇಷ್ಟ ಆಗೋದು ಅದೇ. ಶೌಚಾಲಯದ ಪಕ್ಕದ ಗೋಡೆಗೆ ಸ್ಟೀಲಿನ ಒಂದು ಯಂತ್ರ ಇರುತ್ತೆ. ಒಂದು ಗುಂಡಿ ಬೆಚ್ಚಗಿನ ನೀರಿಗೆ, ಇನ್ನೊಂದು ಕುದಿಯೋ ನೀರಿಗೆ. ‘ಕೈಷುಯ್’ ಅಂತಾರೆ. ತಣ್ಣೀರು ಕುಡಿದರೆ ಹೊಟ್ಟೆಗಾಗಲ್ಲ ಅನ್ನೋದು ಅವರ ಮನೆಮನೆಯ ನಂಬಿಕೆ, ನಮ್ಮ ಅಜ್ಜಿಯ ಹಾಗೇ. ಬೆಳಗಿನ ಜಾವ ಅಲ್ಲಿ ನಿಂತು ನೋಡಿ. ಅಜ್ಜಂದಿರು ಚೀಲದಿಂದ ಗಾಜಿನ ಫ್ಲಾಸ್ಕ್ ತೆಗೀತಾರೆ. ತಳದಲ್ಲಿ ನೆನ್ನೆಯ ಚಹಾ ಎಲೆ ಒದ್ದೆಯಾಗಿ ಅಂಟಿರುತ್ತೆ. ಮುಚ್ಚಳವನ್ನ ಕಂಕುಳಲ್ಲಿ ಒತ್ತಿ ಹಿಡ್ಕೊಂಡು ನೀರು ತುಂಬ್ತಾರೆ. ಎಲೆ ಒಂದೊಂದೇ ಬಿಡಿಸಿಕೊಂಡು ಮೇಲೆ ಬರುತ್ತೆ, ಅದನ್ನ ನೋಡ್ತಾ ಸ್ವಲ್ಪ ಹೊತ್ತು ಸುಮ್ಮನೆ ನಿಂತಿರ್ತಾರೆ. ಮಾತಿಲ್ಲದೆಯೂ ನಿಮಗೆ ಜಾಗ ಬಿಟ್ಟು ಕೈ ತೋರಿಸ್ತಾರೆ. ಒಂದು ಸ್ಟೀಲ್ ಫ್ಲಾಸ್ಕ್ ಖಾಲಿ ಇಟ್ಕೊಂಡು ಹೋಗಿ. ಕುದಿಯೋ ಗುಂಡಿ ಒತ್ತೋವಾಗ ಕೈ ಜೋಪಾನ.

ಅತ್ತಿಗೆ: ಒಬ್ಬಳೇ ಕೂತಿರೋವಾಗ ಕಿಟಕಿಯಾಚೆ ಏನಾದರೂ ಕಾಣುತ್ತಾ?

ಮೈದುನ: ಆಚೆ ಸಮುದ್ರ ಇದೆ. ಯಾಂಗ್ತ್ಸೆ ನದಿ ಕಡಲು ಸೇರೋ ಕಡೆ, ದಡದ ಕೆಸರು ನೆಲದಲ್ಲಿ ಕಟ್ಟಿದ ಏರ್‌ಪೋರ್ಟು ಅದು. 1999ರಲ್ಲಿ ಶುರುವಾಯ್ತು. ಕಟ್ಟೋ ಮುಂಚೆ ಒಂದು ದೊಡ್ಡ ಚಿಂತೆ ಇತ್ತಂತೆ. ಸೈಬೀರಿಯದಿಂದ ಆಸ್ಟ್ರೇಲಿಯಾಕ್ಕೆ ವಲಸೆ ಹೋಗೋ ಹಕ್ಕಿಗಳು ಇಳಿದು ಮೇಯೋ ಜಾಗ ಅದು. ಹಕ್ಕಿ ಎಂಜಿನ್ನಿಗೆ ಸಿಕ್ಕಿದರೆ ವಿಮಾನಕ್ಕೂ ಗಂಡಾಂತರ. ಅದಕ್ಕೆ ನದಿಯ ಬಾಯಲ್ಲಿರೋ ಜ್ಯೂದ್ವಾನ್‌ಷಾ ಅನ್ನೋ ಮರಳುದಿಬ್ಬದ ಮೇಲೆ ಜೊಂಡು, ಹುಲ್ಲು ನೆಟ್ಟು ಹಕ್ಕಿಗಳನ್ನ ಅತ್ತ ಸೆಳೆದರು. ಮೊದಲನೇ ಟರ್ಮಿನಲ್‌ನ ಛಾವಣಿಯೂ ರೆಕ್ಕೆ ಬಿಚ್ಚಿದ ಕಡಲಹಕ್ಕಿ ಥರ ಇದೆ. ಪಾಲ್ ಆಂದ್ರೂ ಅನ್ನೋ ಫ್ರೆಂಚ್ ವಾಸ್ತುಶಿಲ್ಪಿ ಮಾಡಿದ್ದು. ತಲೆ ಎತ್ತಿ ನೋಡಿ, ಬಿಳಿ ಕಂಬಿಗಳು ನೀಲಿ ಛಾವಣಿಯಿಂದ ಮಳೆ ಎಳೆಯ ಹಾಗೆ ಇಳಿದಿರುತ್ತವೆ.

ಅತ್ತಿಗೆ: ಅದನ್ನ ನೋಡಲೇಬೇಕು. ಆಮೇಲೆ ಇನ್ನೊಂದು. ಅಲ್ಲಿ ಹೋದ ಮೇಲೆ ಷಿಯಾನ್‌ಗೆ ಕರ್ಕೊಂಡು ಹೋಗ್ತೀನಿ ಅಂದಿದಾಳೆ, ಆ ಮಣ್ಣಿನ ಸೈನಿಕರನ್ನ ನೋಡೋಕೆ. ಅದೂ ಇದೇ ಏರ್‌ಪೋರ್ಟಿಂದಲಾ?

ಮೈದುನ: ಟಿಕೆಟ್ ನೋಡಬೇಕು. ಶಾಂಘೈಗೆ ಎರಡು ಏರ್‌ಪೋರ್ಟು. ಟಿಕೆಟ್ಟಿನಲ್ಲಿ ಪಿವಿಜಿ ಅಂತಿದ್ದರೆ ಪುಡಾಂಗ್, ಎಸ್‌ಎಚ್‌ಎ ಅಂತಿದ್ದರೆ ಹೊಂಗ್‌ಚಾವ್. ಒಂದು ಊರಿನ ಪೂರ್ವ ತುದಿ, ಇನ್ನೊಂದು ಪಶ್ಚಿಮ. ನಡುವೆ ನಲವತ್ತು ಕಿಲೋಮೀಟರ್‌ಗೂ ಹೆಚ್ಚು. ನನ್ನ ಜೊತೆ ಬಂದಿದ್ದ ಸಹೋದ್ಯೋಗಿಯೊಬ್ಬರು ತಪ್ಪು ಏರ್‌ಪೋರ್ಟಿಗೆ ಹೋಗಿ ವಿಮಾನ ಕಳ್ಕೊಂಡರು. ಈಗ ಎರಡಕ್ಕೂ ನಡುವೆ ವೇಗದ ರೈಲು ಬಂದಿದೆ, 2024ರ ಡಿಸೆಂಬರ್ 27ರಿಂದ. ನಲವತ್ತು ನಿಮಿಷ, 26 ಯುವಾನ್. ಅದಕ್ಕೆ ಮುಂಚೆ ಮೆಟ್ರೊದಲ್ಲಿ ಒಂದೂವರೆ ಗಂಟೆ ಮೇಲಾಗ್ತಾ ಇತ್ತು.

ದೇಶದೊಳಗಿನ ವಿಮಾನಕ್ಕೆ ಪವರ್ ಬ್ಯಾಂಕ್ ವಿಷಯ ಬಲು ಬಿಗಿ. 2025ರ ಜೂನ್ 28ರಿಂದ ‘3ಸಿ’ ಗುರುತು ಇಲ್ಲದ ಪವರ್ ಬ್ಯಾಂಕ್ ಒಳಗೆ ಬಿಡಲ್ಲ. ಇಲ್ಲಿ ಕೊಂಡಿದ್ದರ ಮೇಲೆ ಆ ಗುರುತು ಇರಲ್ಲ, ತಪಾಸಣೆಯಲ್ಲಿ ಇಟ್ಕೊಂಡುಬಿಡ್ತಾರೆ. ಷಿಯಾನ್‌ಗೆ ಹೋಗೋವಾಗ ಮನೆಯಲ್ಲೇ ಬಿಟ್ಟು ಹೋಗಿ. ಇಲ್ಲಿಂದ ಹೋಗೋವಾಗಲೂ ಅದು ಕೈಚೀಲದಲ್ಲೇ ಇರಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಇಡೋ ಹಾಗಿಲ್ಲ.

ಅತ್ತಿಗೆ: ದೇವರ ಮುಂದೆ ದೀಪ ಹಚ್ಚೋಕೆ ಬೆಂಕಿಪೊಟ್ಟಣ ಇಟ್ಟಿದೀನಿ.

ಮೈದುನ: ತೆಗೆದುಬಿಡಿ. ಬೆಂಕಿಪೊಟ್ಟಣ, ಲೈಟರ್ ಎರಡೂ ಯಾವ ಚೀಲದಲ್ಲೂ ಕೂಡದು. ಅಲ್ಲೇ ಕೊಂಡರಾಯ್ತು. ವಾಪಸ್ ಬರೋವಾಗಿನ ತಪಾಸಣೆ ನಮ್ಮಲ್ಲಿಗಿಂತ ನಿಧಾನ. ಕೊಡೆಯನ್ನೂ ಚೀಲದಿಂದ ಹೊರಗೆ ತೆಗೆಸಿ ಟ್ರೇನಲ್ಲಿ ಇಡಿಸ್ತಾರೆ. ಒಂದು ಸಣ್ಣ ಪೀಠದ ಮೇಲೆ ನಿಲ್ಲಿಸಿ, ಕೈ ಚಾಚಿಸಿ, ಹಿಂದೆ ಮುಂದೆ ಯಂತ್ರ ಆಡಿಸ್ತಾರೆ. ಹೆಂಗಸರಿಗೆ ಹೆಂಗಸರೇ. ಮೂರು ಗಂಟೆ ಮೊದಲು ಹೋಗಿ. ಬೋರ್ಡಿಂಗ್ ಪಾಸಿನಲ್ಲಿ ಗೇಟಿನ ನಂಬರ್ ಮುಂದೆ ಜಿ ಅಥವಾ ಎಚ್ ಅಕ್ಷರ ಇದ್ದರೆ ಅದೇ ಉಪಗ್ರಹ ಕಟ್ಟಡ, ಮತ್ತೆ ಆ ಒಳಗಿನ ರೈಲು ಹತ್ತಬೇಕು. ಅದಕ್ಕೆ ಅರ್ಧ ಗಂಟೆ ಎತ್ತಿಡಿ. ಓರಗಿತ್ತಿಯರಿಗೆ ರೇಷ್ಮೆ ಶಾಲು ಕೊಂಡರೆ, ಒಂದೇ ಅಂಗಡಿಯಲ್ಲಿ ಒಂದೇ ದಿನ 200 ಯುವಾನ್ ದಾಟಿದರೆ ತೆರಿಗೆ ವಾಪಸ್ಸಿನ ಕಾಗದ ಕೇಳಿ. ಪೆಟ್ಟಿಗೆ ಒಪ್ಪಿಸೋ ಮುಂಚೆ ಕಸ್ಟಮ್ಸ್‌ನವರಿಗೆ ಶಾಲು ತೋರಿಸಿ ಮುದ್ರೆ ಹಾಕಿಸ್ಕೊಬೇಕು.

ಅತ್ತಿಗೆ: ಇರು, ಪೆಟ್ಟಿಗೆ ಅಂದಾಗ ನೆನಪಾಯ್ತು. ಇದನ್ನ ನೋಡು. ಚಟ್ನಿಪುಡಿ, ಸಾರಿನಪುಡಿ, ಹುರಿದ ಶೇಂಗಾ, ಕರಿಬೇವು ಒಂದು ಕಟ್ಟು, ನಿಂಬೆಹಣ್ಣು ನಾಲ್ಕು. ಇದು ತುಪ್ಪ. ನೆನ್ನೆ ನಾನೇ ಕಾಯಿಸಿದ್ದು. ಅವಳಿಗೆ ಅನ್ನಕ್ಕೆ ತುಪ್ಪ ಇಲ್ಲದಿದ್ದರೆ ಆಗಲ್ಲ.

ಮೈದುನ: ಪುಡಿಗಳಿರಲಿ. ಹುರಿದದ್ದು, ಕುಟ್ಟಿದ್ದು, ಸೀಲ್ ಮಾಡಿಸಿ, ಮೇಲೆ ಇಂಗ್ಲಿಷ್‌ನಲ್ಲಿ ಹೆಸರು ಬರೀರಿ. ಶೇಂಗಾ ಹುರಿದದ್ದಾದ್ದರಿಂದ ಬೀಜದ ಲೆಕ್ಕಕ್ಕೆ ಬರಲ್ಲ, ಆದರೂ ಕೇಳಿದರೆ ತೋರಿಸಿ. ಕರಿಬೇವು, ನಿಂಬೆಹಣ್ಣು ಬೇಡ, ಹಸಿ ಹಣ್ಣು ತರಕಾರಿ ಒಳಗೆ ಬಿಡಲ್ಲ. ಹಾಲಿನ ಪದಾರ್ಥಕ್ಕೂ ನಿಷೇಧ ಇದೆ ಅತ್ತಿಗೆ. ಬೆಣ್ಣೆ, ಗಿಣ್ಣು ಎಲ್ಲ ಆ ಪಟ್ಟಿಯಲ್ಲಿದೆ. ತುಪ್ಪ ಇಟ್ಟರೆ ಕಸ್ಟಮ್ಸ್‌ನವರು ತೆಗೆದು ಹಾಕ್ತಾರೆ.

ಅತ್ತಿಗೆ: ಸ್ವಲ್ಪವೂ? ಒಂದು ಸಣ್ಣ ಬಾಟಲಿ?

ಮೈದುನ: ಬೇಡ. ಅಷ್ಟು ದೂರ ಹೋಗಿ, ಮಗಳ ಮನೆ ಮುಟ್ಟೋ ಮೊದಲು ಅದನ್ನ ಕಸದ ಡಬ್ಬಿಗೆ ಹಾಕೋದನ್ನ ನೀವು ನಿಂತು ನೋಡೋ ಹಾಗಾಗೋದು ಬೇಡ.

ಅತ್ತಿಗೆ: ಹಾಗಾದರೆ ಚಟ್ನಿಪುಡಿಗೆ ಇನ್ನೊಂದಿಷ್ಟು ಕೊಬ್ಬರಿ ಹಾಕಿ ಮಾಡ್ತೀನಿ, ತುಪ್ಪವಿಲ್ಲದೆಯೂ ಗಂಟಲಿಗೆ ಇಳಿಯೋ ಹಾಗೆ. ಈ ತುಪ್ಪದ ಡಬ್ಬಿ ನೀನು ಮನೆಗೆ ತಗೊಂಡು ಹೋಗು, ಮಕ್ಕಳಿಗೆ ಆಗುತ್ತೆ. ಹೋಗೋ ಮುಂಚೆ ಆ ರಟ್ಟು ಪ್ರಿಂಟ್ ಮಾಡಿಸೋದು ಎಲ್ಲಿ ಅಂತ ಹೇಳು. ಎರಡು ಮಾಡಿಸ್ತೀನಿ. ಒಂದು ಪಾಸ್‌ಪೋರ್ಟಿನ ಒಳಗೆ, ಒಂದು ಸೀರೆಯ ಸೆರಗಿಗೆ ಪಿನ್ ಹಾಕಿ.